ತಳಮೀನಿನ ಕೊಬ್ಬಿನ ಲೆಕ್ಕಕ್ಕೆ ಪೆನ್ಸಿಲ್ ಬೇಕು

ಮೊನ್ನೆ ಮೊಮ್ಮಗಳು ಫೋನ್ ಹಿಡ್ಕೊಂಡು ಬಂದಳು. "ಅಜ್ಜಿ, ತಳಮೀನಿನಿಂದ ಸಿಗೋ ಕೊಬ್ಬು ಒಂದೇ ವರ್ಷದಲ್ಲಿ ಎರಡು ಪಟ್ಟಾಗಿದೆ ನೋಡಿ!" ಎಂದಳು. ಕನ್ನಡಕ ಹಾಕಿ ನೋಡಿದೆ. ದೇಶದ ಆಹಾರ ಲೆಕ್ಕದ ಪಟ್ಟಿ, ಅದರಲ್ಲಿ ಸಮುದ್ರದ ತಳದ ಮೀನಿನ ಸಾಲು. ಹಿಂದಿನ ವರ್ಷ 0.01 ಗ್ರಾಂ, ಆಮೇಲೆ 0.02 ಗ್ರಾಂ. ಒಬ್ಬರಿಗೆ, ಒಂದು ದಿನಕ್ಕೆ. ನನಗೆ ಸಿಟ್ಟೇ ಬಂತು. ಚುಕ್ಕಿಯ ಮುಂದೆ ಎರಡೇ ಅಂಕಿ ಉಳಿಸಿ ಬರೆದರೆ, 0.014 ಇದ್ದದ್ದು 0.016 ಆದರೂ ಪಟ್ಟಿಯಲ್ಲಿ ಹೀಗೇ ಕಾಣುತ್ತದೆ, ಅಲ್ವಾ? ಎರಡು ಪಟ್ಟೇ ಆಗಿರಬೇಕು ಅಂತಿಲ್ಲ ಕಣೇ, ಒಂದು ಕೂದಲೆಳೆ ಜಾಸ್ತಿ ಆಗಿರಬಹುದು ಅಷ್ಟೆ. ಕೊನೆಯ ಅಂಕಿಯನ್ನು ನಂಬಿ ಕುಣಿಯಬಾರದು.

ಈಗಿನವರಿಗೆ ಪಟ್ಟಿ ಬೇಗ ಸಿಗುತ್ತದೆ, ಓದುವ ತಾಳ್ಮೆ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1961ರಿಂದ ಈಚೆಗೆ ದೇಶ ದೇಶದ ಲೆಕ್ಕ ಇಟ್ಟಿದೆ. ಫುಡ್ ಬ್ಯಾಲೆನ್ಸ್ ಶೀಟ್ ಅಂತ ಹೆಸರು. ಅದು ಬೇರೇನಲ್ಲ, ಉಗ್ರಾಣದ ಲೆಕ್ಕ. ನಮ್ಮತ್ತೆ ಎಣ್ಣೆ ಡಬ್ಬಿಯ ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ತಿಂಗಳ ಮೊದಲಿಗೆ ಎಷ್ಟಿತ್ತು, ಎಷ್ಟು ತಂದೆವು, ಪಕ್ಕದ ಮನೆಗೆ ಎಷ್ಟು ಕೊಟ್ಟೆವು, ಎಷ್ಟು ಉಳಿಯಿತು. ಮಿಕ್ಕದ್ದನ್ನು ಮನೆಯ ತಲೆಗಳಿಗೆ ಹಂಚಿ ನೋಡುತ್ತಿದ್ದರು. ದೇಶದ್ದೂ ಅದೇ. ಹಿಡಿದ ಮೀನಿಗೆ ಆಮದು ಸೇರಿಸಿ, ರಫ್ತು ಕಳೆದು, ದಾಸ್ತಾನು ನೋಡಿ, ಪ್ರಾಣಿಗಳ ಮೇವಿಗೆ ಹೋದದ್ದನ್ನೂ ತೆಗೆದು, ಉಳಿದದ್ದನ್ನು ಜನಸಂಖ್ಯೆಗೆ ಭಾಗಿಸುತ್ತಾರೆ. ಆದರೆ ಡಬ್ಬಿಯಿಂದ ಹೊರಗೆ ಬಂದ ಎಣ್ಣೆಯೆಲ್ಲ ಹೊಟ್ಟೆಗೆ ಹೋಗುತ್ತದೆಯೇ? ಬಾಣಲೆಯಲ್ಲಿ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು ಎಲ್ಲಿ ಹೋಯಿತು? ಪಟ್ಟಿ ಹೇಳುವುದು ಪೂರೈಕೆಯನ್ನು, ಊಟವನ್ನಲ್ಲ. "ಜನ ಇಷ್ಟು ತಿಂದರು" ಎಂದು ಬರೆಯುವವರನ್ನು ನೋಡಿದರೆ ಕೈಗೆ ಸೌಟು ತಗೊಳ್ಳೋಣ ಅನ್ನಿಸುತ್ತದೆ.

ತಳಮೀನು ಅಂದರೆ ಸಮುದ್ರದ ತಳದಲ್ಲಿ, ತಳದ ಹತ್ತಿರ ಇರುವವು. ಕಾಡ್, ಹ್ಯಾಡಕ್, ಹೇಕ್, ಚಪ್ಪಟೆ ಮೀನುಗಳು. ಇವುಗಳ ಮಾಂಸ ಬೆಳ್ಳಗೆ, ಒಣಕಲು. ನೂರು ಗ್ರಾಂ ಕಾಡ್ ಮೀನಿನಲ್ಲಿ ಕೊಬ್ಬು ಒಂದು ಗ್ರಾಮೂ ಇಲ್ಲ. ಮೇಲು ನೀರಿನಲ್ಲಿ ಓಡಾಡುವ ಹೆರಿಂಗ್‌ನಲ್ಲಿ ಒಂಬತ್ತು ಗ್ರಾಂ ಹತ್ತಿರ ಇರುತ್ತದೆ. ಹಾಗಂತ ಕಾಡ್‌ಗೆ ಕೊಬ್ಬೇ ಇಲ್ಲವೇ? ಇದೆ, ಈಲಿಯಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ. ಅದರ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಆ ಎಣ್ಣೆಗೆ ಪಟ್ಟಿಯಲ್ಲಿ ಬೇರೆ ಸಾಲು ಕೊಟ್ಟಿದ್ದಾರೆ, ಪ್ರಾಣಿ ಕೊಬ್ಬುಗಳ ಗುಂಪಿನಲ್ಲಿ. ತಳಮೀನಿನ ಸಾಲಿನಲ್ಲಿ ಅದನ್ನು ಹುಡುಕಬೇಡಿ. ಎಲ್ಲ ತಳಮೀನೂ ಒಣಕಲು ಎಂದೂ ಹೇಳಬೇಡಿ, ಗ್ರೀನ್‌ಲ್ಯಾಂಡ್ ಹಾಲಿಬಟ್ ಚೆನ್ನಾಗಿ ಕೊಬ್ಬಿದ ಮೀನು.

ಈಗ ನನ್ನ ಉಪಾಯ ಹೇಳುತ್ತೇನೆ. ಇದನ್ನು ಬಿಟ್ಟು ನಾನು ಯಾವ ಪಟ್ಟಿಯನ್ನೂ ಓದುವುದಿಲ್ಲ. ಗೆರೆ ಹಾಕಿದ ಪುಸ್ತಕ ತಗೊಳ್ಳಿ, ಪೆನ್ಸಿಲ್ ತಗೊಳ್ಳಿ. ಪೆನ್ ಬೇಡ, ಅಳಿಸಬೇಕಾಗುತ್ತದೆ. ಎಡಕ್ಕೆ ವರ್ಷ. ಅದರ ಪಕ್ಕ ಒಬ್ಬರಿಗೆ ವರ್ಷಕ್ಕೆ ಎಷ್ಟು ಕಿಲೋ ತಳಮೀನು. ಅದರ ಪಕ್ಕ ದಿನಕ್ಕೆ ಎಷ್ಟು ಗ್ರಾಂ ಕೊಬ್ಬು. ನಾಲ್ಕನೆಯ ಕಾಲಂ ನೀವೇ ಹಾಕಬೇಕು. ಕೊಬ್ಬಿನ ಅಂಕಿಯನ್ನು 365ರಿಂದ ಗುಣಿಸಿ, ಕಿಲೋದಿಂದ ಭಾಗಿಸಿ. ಒಂದು ಕಿಲೋ ಮೀನಿಗೆ ಎಷ್ಟು ಗ್ರಾಂ ಕೊಬ್ಬು ಹಿಡಿದಿದ್ದಾರೆ ಎಂದು ಗೊತ್ತಾಗುತ್ತದೆ. ವರ್ಷಕ್ಕೆ 10 ಕಿಲೋ, ದಿನಕ್ಕೆ 0.14 ಗ್ರಾಂ ಅಂದುಕೊಳ್ಳಿ. ಕಿಲೋಗೆ ಸುಮಾರು 5 ಗ್ರಾಂ ಆಯಿತು. ಕಡಿಮೆ ಆಯ್ತಲ್ಲ ಅಂತ ಗಾಬರಿ ಬೇಡ. ಪಟ್ಟಿಯ ಕಿಲೋ ಇಡೀ ಮೀನಿನದು, ತಲೆ ಮುಳ್ಳು ಎಲ್ಲ ಸೇರಿ.

ಈ ನಾಲ್ಕನೆಯ ಕಾಲಮ್ಮನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿ. ಅದು ಅಲುಗದೆ ನಿಂತಿದ್ದು ಕೊಬ್ಬು ಮಾತ್ರ ಇಳಿದಿದ್ದರೆ, ಮೀನೇ ಕಡಿಮೆ ಆಗಿದೆ, ಇಲ್ಲವೇ ತಿನ್ನುವ ಬಾಯಿ ಜಾಸ್ತಿ ಆಗಿದೆ. ಕಾಲಮ್ಮೇ ಏರಿಳಿದಿದ್ದರೆ ಮೀನಿನ ಜಾತಿ ಬದಲಾಗಿದೆ, ಅಥವಾ ಲೆಕ್ಕ ಹಾಕುವ ಅಳತೆ ಬದಲಾಗಿದೆ. ಅಂಕಿ ತೀರಾ ಚಿಕ್ಕದಿದ್ದಲ್ಲಿ ಐದೈದು ವರ್ಷ ಕೂಡಿಸಿ ಸರಾಸರಿ ತೆಗೆಯಿರಿ. 0.01ನ್ನು ಗುಣಿಸಿ ಭಾಗಿಸಿದರೆ ಬರುವುದು ಬರೀ ಗದ್ದಲ.

ಇನ್ನೊಂದು ವಿಷಯ, ಮರೆಯಬೇಡಿ. ಹಳೆಯ ಲೆಕ್ಕದ ಪದ್ಧತಿ 2013ಕ್ಕೆ ಮುಗಿಯುತ್ತದೆ. ಹೊಸ ಪದ್ಧತಿಯ ಸಾಲು 2010ರಿಂದ ಸಿಗುತ್ತದೆ. ಎರಡನ್ನೂ ಒಂದೇ ಗೆರೆಯಲ್ಲಿ ಅಂಟಿಸಿ "ನೋಡಿ, ಜಿಗಿದಿದೆ" ಎಂದರೆ ಆಗುವುದಿಲ್ಲ. ನಡುವೆ ದಪ್ಪಗೆ ಒಂದು ಅಡ್ಡಗೆರೆ ಹಾಕಿ. ಎರಡೂ ಇರುವ ವರ್ಷಗಳನ್ನು ಪಕ್ಕಪಕ್ಕ ಬರೆದು ಹೋಲಿಸಿ.

ನಿಜವಾದ ಇಳಿಕೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕೆನಡಾದ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡ್ ನೆನಪಿಡಿ. ಬಲೆ ಎಳೆಯುವ ದೊಡ್ಡ ಹಡಗುಗಳು, ಅಂದರೆ ಟ್ರಾಲರ್‌ಗಳು ಬಂದು ದಶಕಗಟ್ಟಲೆ ತಳ ಗೋರಿದವು. 1992ರಲ್ಲಿ ಕೆನಡಾ ಸರ್ಕಾರ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಜನರ ಕೆಲಸ ಹೋಯಿತು. ಆದರೂ ಒಂದು ದೇಶದ ಮೀನು ಮುಗಿದರೆ ಅದು ಆಮದು ಮಾಡಿಕೊಂಡು ಪಟ್ಟಿಯ ಅಂಕಿ ಉಳಿಸಿಕೊಳ್ಳಬಹುದು. ಅದಕ್ಕೇ ಹೇಳುವುದು, ಆಮದಿನ ಸಾಲನ್ನೂ ಓದಿ ಎಂದು.

ಕೊಬ್ಬು ಕಡಿಮೆ ಅಂತ ಈ ಮೀನನ್ನು ದೂರ ಮಾಡುವವರಿಗೂ ಒಂದು ಮಾತು. ನೂರು ಗ್ರಾಂ ಕಾಡ್‌ನಲ್ಲಿ ಹದಿನೇಳು ಹದಿನೆಂಟು ಗ್ರಾಂ ಪ್ರೋಟೀನ್ ಇದೆ. ಕೊಬ್ಬು ಇಲ್ಲದ್ದರಿಂದ ಬೇಗ ಒಣಗುತ್ತದೆ, ಅಷ್ಟೇ ಅದರ ತಂಟೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ಕೈಗೆ ಬಂದಷ್ಟು ಉಪ್ಪು ಹಾಕಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಆಮೇಲೆ ಮೀನು. ಪದೇ ಪದೇ ಮಗುಚಬೇಡಿ, ತಾನಾಗೇ ಬಿಡುತ್ತದೆ. ಒಂದು ಚಮಚ ಎಣ್ಣೆ ಹಾಕಿದಿರಿ ಅಂದರೆ ಅದೇ ನಾಲ್ಕು ಗ್ರಾಂ ದಾಟಿತು. ತಟ್ಟೆಯ ಕೊಬ್ಬು ಬಂದದ್ದು ಬಾಣಲೆಯಿಂದ, ಮೀನಿನಿಂದಲ್ಲ. ದೇಶದ ಪಟ್ಟಿಯಲ್ಲೂ ಅದು ಎಣ್ಣೆಯ ಸಾಲಿಗೇ ಸೇರುತ್ತದೆ.

ಆ ಬಟ್ಟೆಯನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ. ನಮ್ಮ ಸೊಸೆ ಹಾಗೆ ಮಾಡಿ ಒಳ್ಳೇ ಹತ್ತಿಯ ಬಟ್ಟೆ ಹಾಳು ಮಾಡಿದಳು. ಬಿಸಿ ತಾಗಿದರೆ ಕಲೆ ಅಂಟಿ ಕೂರುತ್ತದೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು. ಮೊಮ್ಮಗಳು ಈಗ ಅದನ್ನು ಹಿಂಡಿ ಹಾಕಿ, ಪೆನ್ಸಿಲ್ ಚೂಪು ಮಾಡಿಕೊಂಡು ನಾಲ್ಕನೆಯ ಕಾಲಂ ತುಂಬುತ್ತಿದ್ದಾಳೆ. 1974ರ ತನಕ ಬಂದಿದ್ದಾಳೆ.