ಕ್ಲೌಡ್ ಸರ್ವರ್‌ನ ಲೋಕಲ್ ಡಿಸ್ಕ್ ಕೆಟ್ಟಿದೆಯಾ? ಬದಲಿಸಲು ಒಪ್ಪಿಗೆ ಕೊಡುವ ಮುಂಚೆ ಇಷ್ಟು ಮಾಡಿ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ ಲೆಕ್ಕ, ಬಳ್ಳಾರಿಯ ಜೀನ್ಸ್ ಯೂನಿಟ್‌ಗಳ ಆರ್ಡರ್, ರಾಯಚೂರಿನ ಹತ್ತಿ ವ್ಯಾಪಾರದ ಬಿಲ್ಲು, ಎಷ್ಟೋ ಕಡೆ ಇವೆಲ್ಲ ಈಗ ಕ್ಲೌಡ್ ಸರ್ವರ್ ಮೇಲೆ ಓಡುತ್ತವೆ. ನೋಡಿಕೊಳ್ಳುವವರು ನಮ್ಮಂಥ ಸಣ್ಣ ಆಫೀಸಿನವರು. ಕ್ಲೌಡ್‌ನಲ್ಲಿದೆ ಅಂದ ಮೇಲೆ ಡೇಟಾ ಎಲ್ಲಿಗೂ ಹೋಗಲ್ಲ ಅಂತ ಮಿಲ್‌ನವರು ನಂಬಿರುತ್ತಾರೆ. ಲೋಕಲ್ ಡಿಸ್ಕ್ ಇದ್ದರೆ ಆ ನಂಬಿಕೆ ಉಪಯೋಗಕ್ಕೆ ಬರಲ್ಲ.

ಯಾಕೆ ಅಂದ್ರೆ, ಲೋಕಲ್ ಡಿಸ್ಕ್ ಅನ್ನೋದು ನಿಮ್ಮ ಸರ್ವರ್ ಓಡುತ್ತಿರುವ ಅದೇ ಮಷೀನಿಗೆ ನೇರವಾಗಿ ಜೋಡಿಸಿದ ಡಿಸ್ಕ್. ನೆಟ್‌ವರ್ಕ್ ಡಿಸ್ಕ್ ಆದರೆ ಕ್ಲೌಡ್ ಕಂಪನಿಯೇ ಒಳಗೊಳಗೆ ಬೇರೆ ಪ್ರತಿ ಇಟ್ಟಿರುತ್ತದೆ. ಇದಕ್ಕೆ ಅದು ಇಲ್ಲ, ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡಿಸ್ಕಿನ ಪ್ರತಿ) ಕೂಡ ಸಾಮಾನ್ಯವಾಗಿ ಸಿಗಲ್ಲ. ವೇಗ ಜಾಸ್ತಿ, ಅದಕ್ಕೇ ಡೇಟಾಬೇಸ್‌ಗೆ ಹಾಕಿರುತ್ತೇವೆ. ಕೆಟ್ಟರೆ ಕಂಪನಿಯವರು ನೋಟಿಸ್ ಕಳಿಸಿ, ನಿಮ್ಮ ಒಪ್ಪಿಗೆ ತೆಗೆದುಕೊಂಡು ಹೊಸದು ಕೊಡುತ್ತಾರೆ, ಆದರೆ ಅದು ಖಾಲಿ ಡಿಸ್ಕ್. ಹಾಗಾಗಿ ಒಪ್ಪಿಗೆ ಒತ್ತುವ ಮುಂಚಿನ ಕೆಲಸ ಪೂರ್ತಿ ನಿಮ್ಮದೇ.

ಮೊದಲು ಕೆಟ್ಟಿದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ. ಬಿಲ್ ಸೇವ್ ಆಗ್ತಾ ಇಲ್ಲ ಅಂತ ಮಿಲ್‌ನಿಂದ ಫೋನ್ ಬರುತ್ತದೆ, ನೋಡಿದರೆ ಸಿಪಿಯು ಸುಮ್ನೆ ಕೂತಿರುತ್ತದೆ, ಲೋಡ್ (ಬಾಕಿ ಕೂತ ಕೆಲಸಗಳ ಲೆಕ್ಕ) ಮಾತ್ರ ಏರುತ್ತಾ ಇರುತ್ತದೆ. ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು ಕರ್ನಲ್ ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ನೋಡಿ. ಎನ್‌ವಿಎಂಇ1ಎನ್1 ಅಂತ ಡಿಸ್ಕ್ ಹೆಸರು, ಪಕ್ಕದಲ್ಲೇ ಐ/ಒ ಎರರ್, ಒಂದು ಉದ್ದ ಸೆಕ್ಟರ್ ನಂಬರ್, ಇಂಥ ಸಾಲುಗಳು ಒಂದರ ಕೆಳಗೊಂದು ಬರುತ್ತಿದ್ದರೆ ಅನುಮಾನ ಬೇಡ. ಫೈಲ್ ಸಿಸ್ಟಮ್ ತಾನಾಗಿಯೇ ರೀಡ್ ಓನ್ಲಿ (ಓದಬಹುದು, ಬರೆಯಲಾಗದು) ಆಗಿರಲೂಬಹುದು. ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಎನ್‌ವಿಎಂಇ ಸ್ಮಾರ್ಟ್ ಲಾಗ್‌ನಲ್ಲಿ ಮೀಡಿಯಾ ಎರರ್ ಲೆಕ್ಕ ಏರುತ್ತಿದೆಯಾ, ಕ್ರಿಟಿಕಲ್ ವಾರ್ನಿಂಗ್ 0 ಇದೆಯಾ (0 ಅಂದ್ರೆ ಎಚ್ಚರಿಕೆ ಇಲ್ಲ) ನೋಡಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ನಿಂದ ಆ ಡಿಸ್ಕಿನ ಸೀರಿಯಲ್ ನಂಬರ್, ಯುಯುಐಡಿ (ಫಾರ್ಮ್ಯಾಟ್ ಮಾಡಿದಾಗ ಸಿಗುವ ಗುರುತು ಸಂಖ್ಯೆ), ಯಾವ ಫೋಲ್ಡರ್‌ಗೆ ಮೌಂಟ್ ಆಗಿದೆ (ಜೋಡಿಸಿದೆ), ಮೂರನ್ನೂ ಬರೆದಿಟ್ಟುಕೊಳ್ಳಿ. ಹೆಸರನ್ನು ಮಾತ್ರ ನಂಬಬೇಡಿ. ರೀಬೂಟ್ ಆದ ಮೇಲೆ ಎನ್‌ವಿಎಂಇ1 ಇದ್ದದ್ದು ಎನ್‌ವಿಎಂಇ2 ಆಗಬಹುದು, ಆಗ ಚೆನ್ನಾಗಿರುವ ಡಿಸ್ಕನ್ನೇ ಅಳಿಸಿಬಿಡುವ ಅಪಾಯ ಇದೆ.

ಕಂಪನಿಯಿಂದ ಬಂದ ನೋಟಿಸನ್ನು ನಿಧಾನವಾಗಿ ಓದಿ. ಇಲ್ಲೇ ಜನ ಅವಸರ ಮಾಡೋದು. ಕೆಟ್ಟ ಡಿಸ್ಕ್ ಒಂದನ್ನೇ ಬದಲಿಸುತ್ತಾರಾ, ಇಲ್ಲ ಸರ್ವರನ್ನೇ ಬೇರೆ ಮಷೀನಿಗೆ ಸಾಗಿಸುತ್ತಾರಾ? ಎರಡನೆಯದಾದರೆ ಕೆಟ್ಟದ್ದಷ್ಟೇ ಅಲ್ಲ, ಆ ಸರ್ವರ್‌ನ ಎಲ್ಲ ಲೋಕಲ್ ಡಿಸ್ಕ್‌ಗಳೂ ಖಾಲಿ ಆಗುತ್ತವೆ. ಅಮೆಜಾನ್‌ನ ಇನ್‌ಸ್ಟನ್ಸ್ ಸ್ಟೋರ್‌ನಲ್ಲಿ (ಅವರ ಲೋಕಲ್ ಡಿಸ್ಕಿನ ಹೆಸರು ಅದು) ರೀಬೂಟ್ ಮಾಡಿದರೆ ಡೇಟಾ ಉಳಿಯುತ್ತದೆ, ಸ್ಟಾಪ್ ಮಾಡಿದರೆ ಹೋಗುತ್ತದೆ. ಆದ್ದರಿಂದ ಹೋಗ್ಲಿ ಒಂದ್ಸಲ ಆಫ್ ಮಾಡಿ ಆನ್ ಮಾಡೋಣ ಅಂತ ಕನ್ಸೋಲ್‌ನಲ್ಲಿ ಸ್ಟಾಪ್ ಒತ್ತಬೇಡಿ, ದಯವಿಟ್ಟು.

ಈಗ ಡೇಟಾ ಹೊರಗೆ ತೆಗೆಯುವ ಕೆಲಸ. ಡೇಟಾಬೇಸ್ ಇನ್ನೂ ಉಸಿರಾಡುತ್ತಿದ್ದರೆ ಪಿಜಿ ಡಂಪ್ ಅಥವಾ ಮೈಎಸ್‌ಕ್ಯುಎಲ್ ಡಂಪ್ (ಡೇಟಾಬೇಸನ್ನು ಫೈಲ್ ಆಗಿ ಹೊರಗೆ ಬರೆಯುವ ಕಮಾಂಡ್‌ಗಳು) ತೆಗೆದುಕೊಳ್ಳಿ, ಫೈಲ್ ಕಾಪಿಗಿಂತ ಅದು ಮೇಲು. ಹೆಚ್ಚು ಬೇಕಾದ ಟೇಬಲ್‌ಗಳು ಮೊದಲು, ಹಳೇ ಲಾಗ್ ಫೈಲ್ ಕೊನೆಗೆ, ಏಕೆಂದರೆ ಡಿಸ್ಕ್ ಇನ್ನೆಷ್ಟು ಹೊತ್ತು ಓದಿಸುತ್ತದೆ ಅಂತ ಯಾರೂ ಹೇಳಲಾರರು. ಡಂಪ್ ಆಗಲಿಲ್ಲ ಅಂದ್ರೆ ಆ್ಯಪ್ ನಿಲ್ಲಿಸಿ, ಮೌಂಟ್ ತೆಗೆದು, ಡಿಡಿರೆಸ್ಕ್ಯೂ ಬಳಸಿ ಪೂರ್ತಿ ಡಿಸ್ಕನ್ನು ನೆಟ್‌ವರ್ಕ್ ಡಿಸ್ಕ್ ಮೇಲೆ ಇಳಿಸಿ. ಅದು ಓದಲು ಬರುವ ಜಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ಅದಿದ್ದರೆ ಅರ್ಧಕ್ಕೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವುದಾದರೆ ಕಾಪಿಯ ಮೇಲೆ ಓಡಿಸಿ, ಸಾಯುತ್ತಿರುವ ಡಿಸ್ಕ್ ಮೇಲೆ ಬೇಡವೇ ಬೇಡ. ಇದೆಲ್ಲ ಟಿಮಕ್ಸ್ ಅನ್ನೋ ಪ್ರೋಗ್ರಾಂ ಒಳಗೇ ನಡೆಯಲಿ. ಸರ್ವರ್ ಇರೋದು ಮುಂಬೈಯಲ್ಲೋ ಹೈದರಾಬಾದ್‌ನಲ್ಲೋ ಇರಬಹುದು, ಆದರೆ ನೀವಿರೋದು ರಾಯಚೂರಲ್ಲಿ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ರೌಟರ್ ಆಫ್ ಆದರೆ ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ಸಂಪರ್ಕ) ಕಡಿದು ಕಾಪಿಯೂ ನಿಂತುಹೋಗುತ್ತದೆ. ಟಿಮಕ್ಸ್ ಇದ್ದರೆ ಅಲ್ಲಿ ಕೆಲಸ ತನ್ನ ಪಾಡಿಗೆ ನಡೆದಿರುತ್ತದೆ.

ಕಾಪಿ ಸಿಕ್ಕಿತಾ? ತೆರೆದು ನೋಡಿ. ಡಂಪನ್ನು ಬೇರೆ ಸರ್ವರ್‌ಗೆ ಹಾಕಿ ನಿನ್ನೆಯ ಬಿಲ್ಲು ಕಾಣುತ್ತಾ ಅಂತ ಪರೀಕ್ಷಿಸದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಆ ಡಿಸ್ಕಿಗೂ ಸರ್ವರ್‌ಗೂ ಇರುವ ನಂಟನ್ನೆಲ್ಲ ಬಿಡಿಸಬೇಕು. ಆ್ಯಪ್ ನಿಲ್ಲಿಸಿದರೆ ಸಾಲದು, ರೀಬೂಟ್ ಆದಾಗ ತಾನೇ ಏಳದಂತೆ ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಲ್ಲಿ ಡಿಸೇಬಲ್ ಮಾಡಿ. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಕೆಲಸ (ಕ್ರಾನ್) ಕೂಡ ಅದೇ ಫೋಲ್ಡರ್‌ಗೆ ಬರೆಯುತ್ತಿರಬಹುದು, ಅದನ್ನೂ ನಿಲ್ಲಿಸಿ. ಡಿಸ್ಕ್ ಬ್ಯುಸಿ ಅಂತ ಮೌಂಟ್ ಬಿಡದಿದ್ದರೆ ಯಾವ ಪ್ರೋಗ್ರಾಂ ಹಿಡಿದಿದೆ ಅಂತ ಫ್ಯೂಸರ್ ತೋರಿಸುತ್ತದೆ, ಅದನ್ನು ಮುಚ್ಚಿ ಮತ್ತೆ ಯುಮೌಂಟ್ (ಮೌಂಟ್ ತೆಗೆಯುವ ಕಮಾಂಡ್) ಕೊಡಿ. ಲೇಜಿ ಯುಮೌಂಟ್ ನನಗೆ ಇಷ್ಟವಿಲ್ಲ, ಹೊರಗೆ ಮೌಂಟ್ ಹೋದಂತೆ ಕಂಡರೂ ತೆರೆದ ಫೈಲ್‌ಗಳನ್ನು ಪ್ರೋಗ್ರಾಂ ಹಿಡಿದೇ ಇರುತ್ತದೆ.

ಮೌಂಟ್ ಬಿಟ್ಟ ಮೇಲೆ ಆ ಫೋಲ್ಡರ್ ಖಾಲಿಯಾಗಿ ಸಿಸ್ಟಮ್ ಇರುವ ರೂಟ್ ಡಿಸ್ಕ್ ಮೇಲೆ ಉಳಿಯುತ್ತದಲ್ವಾ, ಯಾವುದೋ ಸರ್ವೀಸ್ ಎದ್ದು ಅದರೊಳಗೇ ಬರೆಯಲು ಶುರು ಮಾಡಿದರೆ ರೂಟ್ ಡಿಸ್ಕ್ ತುಂಬಿ ಇಡೀ ಸರ್ವರ್ ಮಲಗುತ್ತದೆ. ಚಾಟರ್ ಪ್ಲಸ್ ಐ ಕಮಾಂಡ್ ಕೊಟ್ಟು ಆ ಫೋಲ್ಡರನ್ನು ಲಾಕ್ ಮಾಡಿ. ಹೊಸ ಡಿಸ್ಕ್ ಮೌಂಟ್ ಮಾಡಲು ಅದೇನೂ ಅಡ್ಡ ಬರಲ್ಲ.

ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಆ ಡಿಸ್ಕಿನ ಸಾಲಿನ ಮುಂದೆ ಹ್ಯಾಷ್ (#) ಹಾಕಿ, ಆಗ ಸಿಸ್ಟಮ್ ಅದನ್ನು ಓದಲ್ಲ. ಉಳಿದ ಲೋಕಲ್ ಡಿಸ್ಕ್‌ಗಳ ಸಾಲಿನಲ್ಲಿ ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಿಸಬೇಡ ಅನ್ನೋ ಸೂಚನೆ) ಇರಲಿ, ಹೆಸರಿನ ಬದಲು ಯುಯುಐಡಿ ಇರಲಿ. ಇದನ್ನು ಬಿಟ್ಟರೆ ರೀಬೂಟ್ ಆಗುವಾಗ ಇಲ್ಲದ ಡಿಸ್ಕಿಗಾಗಿ ಸರ್ವರ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ, ಆಗ ಎಸ್‌ಎಸ್‌ಎಚ್ ಕೂಡ ಸಿಗಲ್ಲ.

ರೇಡ್ 1 (ಎರಡು ಡಿಸ್ಕಿನಲ್ಲೂ ಅದೇ ಡೇಟಾ) ಇದ್ದರೆ ಎಂಡಿಎಡಿಎಂ ಕಮಾಂಡ್‌ನಲ್ಲಿ ಕೆಟ್ಟ ಡಿಸ್ಕನ್ನು ಮೊದಲು ಫೇಲ್, ಆಮೇಲೆ ರಿಮೂವ್ ಮಾಡಿ. ರೇಡ್ 0 (ಡೇಟಾ ಡಿಸ್ಕ್‌ಗಳಿಗೆ ಹಂಚಿ ಹೋಗಿರುವುದು) ಆಗಿದ್ದರೆ ಒಂದು ಡಿಸ್ಕ್ ಹೋದರೂ ಪೂರ್ತಿ ಅರೇ ಹೋದ ಹಾಗೆ, ಹಾಗಾಗಿ ಕಾಪಿಯೇ ಗತಿ. ಹಡೂಪ್ (ಹಲವು ಸರ್ವರ್‌ಗಳಲ್ಲಿ ಡೇಟಾ ಹಂಚಿಡುವ ವ್ಯವಸ್ಥೆ) ನಡೆಸುವವರು ಒಂದು ಸೆಟ್ಟಿಂಗ್ ನೋಡಿಕೊಳ್ಳಿ: ಒಂದೊಂದು ಸರ್ವರ್‌ನಲ್ಲೂ ಡೇಟಾ ಇಡುವ ಡೇಟಾನೋಡ್ ಎಷ್ಟು ಡಿಸ್ಕ್ ಕೆಟ್ಟರೆ ಸಹಿಸುತ್ತದೆ ಅನ್ನೋದು ಡೀಫಾಲ್ಟ್ ಆಗಿ 0, ಅಂದ್ರೆ ಒಂದೇ ಡಿಸ್ಕ್ ಕೆಟ್ಟರೂ ಇಡೀ ಡೇಟಾನೋಡ್ ನಿಲ್ಲುತ್ತದೆ.

ಸಮಯವನ್ನೂ ನೋಡಿ. ಭತ್ತ ಬರುವ ದಿನಗಳಲ್ಲಿ ಮಿಲ್ ಮುಂದೆ ಲಾರಿ ಸಾಲು ನಿಂತಿರುವಾಗ ಇದು ಬೇಡ. ಮುನೀಮರಿಗೆ ಮೊದಲೇ ಫೋನ್ ಮಾಡಿ, "ಅಣ್ಣ, ರಾತ್ರಿ ಹತ್ತರ ಮೇಲೆ ಬಿಲ್ ಹಾಕಬೇಡ್ರಿ, ಬೆಳಿಗ್ಗೆ ನಾನೇ ಹೇಳ್ತೀನಿ" ಅಂತ ತಿಳಿಸಿ. ಆಮೇಲೆ ಒಪ್ಪಿಗೆ ಕೊಡಿ.

ಹೊಸ ಡಿಸ್ಕ್ ಬಂದಾಗ ಸೀರಿಯಲ್ ನಂಬರ್ ಬೇರೆ ಇದೆಯಾ ನೋಡಿ, ಬರೆದಿಟ್ಟಿದ್ದು ಈಗ ಕೆಲಸಕ್ಕೆ ಬಂತು. ಫಾರ್ಮ್ಯಾಟ್ ಮಾಡಿ, ಹೊಸ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿ, ಮೌಂಟ್ ಮಾಡಿ, ಫೋಲ್ಡರ್ ಮಾಲೀಕತ್ವವನ್ನು ಡೇಟಾಬೇಸ್ ಯೂಸರ್‌ಗೆ ಕೊಟ್ಟು, ಡೇಟಾ ವಾಪಸ್ ಹಾಕಿ. ಸರ್ವೀಸ್‌ಗಳನ್ನೂ ಕ್ರಾನನ್ನೂ ಮತ್ತೆ ಎನೇಬಲ್ ಮಾಡಿ ಒಂದು ಸಲ ರೀಬೂಟ್ ಕೊಡಿ. ಎಲ್ಲವೂ ತಾನಾಗಿ ಮೌಂಟ್ ಆಗಿ, ಡೇಟಾಬೇಸ್ ಎದ್ದು, ನಿನ್ನೆಯ ಕೊನೇ ಬಿಲ್ ಕಂಡ ಮೇಲೆ ಮುನೀಮರಿಗೆ ಫೋನ್ ಮಾಡಿ.