ಫೈರ್, ಪೊಲೀಸ್ ವಿದ್ಯಾರ್ಥಿಗಳಿಗೆ ಇಡುಗಂಟು: ಕರಾರಿನಲ್ಲಿ ನಾವು ಬರೆದದ್ದು

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಕೋರ್ಸಿನ ಓದಿನ ಅಳತೆ) 46 ಡಾಲರ್. ಸೆಮಿಸ್ಟರಿಗೆ 12 ಯೂನಿಟ್ ಓದಿದರೆ 552 ಡಾಲರ್. ಬಡ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಾಮಿಸ್ ಗ್ರಾಂಟ್‌ನಿಂದ ಅದೂ ಮಾಫಿ. ಫೈರ್ ಅಥವಾ ಪೊಲೀಸ್ ಅಕಾಡೆಮಿ ಸೇರುವವರಿಗೆ ಭಾರವಾಗುವುದು ಬೂಟು, ಸಮವಸ್ತ್ರ, ಬೆಂಕಿಗೆ ತಾಳುವ ಉಡುಪಿನ ಬಾಡಿಗೆ, ವೈದ್ಯಕೀಯ ತಪಾಸಣೆ, ಬೆರಳಗುರುತು, ಇಎಂಟಿ (ತುರ್ತು ವೈದ್ಯಕೀಯ ನೆರವು) ಪರೀಕ್ಷೆಯ ಖರ್ಚು. ಇದರಲ್ಲಿ ಹೆಚ್ಚಿನದನ್ನು ಮೊದಲ ದಿನಕ್ಕೆ ಮುಂಚೆಯೇ ಕಟ್ಟಬೇಕು. ಕೆಲವು ಕನ್ನಡ ಕುಟುಂಬಗಳು ಸೇರಿ ಕಾಲೇಜಿನ ಫೌಂಡೇಶನ್‌ನಲ್ಲಿ (ಕಾಲೇಜಿಗೆ ಬರುವ ದಾನವನ್ನು ನೋಡಿಕೊಳ್ಳುವ ಸಂಸ್ಥೆ) ವಿದ್ಯಾರ್ಥಿವೇತನ ಇಟ್ಟಾಗ ಈ ಖರ್ಚಿನ ಪಟ್ಟಿಯಿಂದಲೇ ಕರಾರು ಬರೆಯಲು ಶುರುಮಾಡಿದೆವು.

ಇಡುಗಂಟು, ಅಂದರೆ ಅಸಲು ಮುಟ್ಟದೆ ಗಳಿಕೆಯಿಂದ ವೇತನ ಕೊಡುವ ನಿಧಿ, 25,000 ಡಾಲರ್, ವರ್ಷಕ್ಕೆ 5,000ದಂತೆ ಐದು ಕಂತು. ಫೌಂಡೇಶನ್ ಬಿಡುಗಡೆ ಮಾಡುವುದು ಸುಮಾರು ಶೇ 4, ಅದೂ ಮೂರು ವರ್ಷಗಳ ಸರಾಸರಿ ಮೌಲ್ಯದ ಮೇಲೆ. ಗಂಟು ತುಂಬಿದ ಮೇಲೂ ಕೈಗೆ ಬರುವುದು 1,000 ಡಾಲರ್ ಅಷ್ಟೇ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯಬಾರದೆಂದು ವರ್ಷಕ್ಕೆ ಇನ್ನೊಂದು 1,000 ಡಾಲರನ್ನು ನೇರ ಖರ್ಚಿನ ಖಾತೆಗೆ ಹಾಕಿದೆವು. ಷೇರುಪೇಟೆ ಕುಸಿದು ಗಂಟಿನ ಬೆಲೆ ಕೊಟ್ಟ ಮೊತ್ತಕ್ಕಿಂತ ಇಳಿದರೆ ಆ ವರ್ಷ ವೇತನ ನಿಲ್ಲಬಹುದು; ಆಗಲೂ ಈ ಖಾತೆ ಆಸರೆ. ದಾನ ಕೊಡುವವರು ಕೊಂಡು ವರ್ಷ ದಾಟಿದ ಷೇರು ಲಾಭದಲ್ಲಿದ್ದರೆ ಮಾರದೆ ಷೇರನ್ನೇ ಫೌಂಡೇಶನ್‌ಗೆ ವರ್ಗಾಯಿಸಿ, ಲಾಭದ ತೆರಿಗೆ ಬೀಳುವುದಿಲ್ಲ. ಎಪ್ಪತ್ತೂವರೆ ದಾಟಿದವರು ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಯಿಂದ ನೇರವಾಗಿ ಕೊಡಬಹುದು.

ಹೆಚ್ಚು ಹೊತ್ತು ಕೂತು ಬರೆಯಬೇಕಾದದ್ದು ಅರ್ಹತೆಯ ಸಾಲುಗಳನ್ನು. ‘ಪೂರ್ಣಾವಧಿ ವಿದ್ಯಾರ್ಥಿ’ ಎಂದರೆ 12 ಯೂನಿಟ್. ಪಾಳಿಯಲ್ಲಿ ದುಡಿಯುತ್ತ 6 ಯೂನಿಟ್ ಓದುವ ಸ್ವಯಂಸೇವಕ ಅಗ್ನಿಶಾಮಕ ಅಲ್ಲೇ ಹೊರಗುಳಿಯುತ್ತಾನೆ. ನಾವು 3 ಯೂನಿಟ್ ಸಾಕೆಂದೆವು. ‘ಕ್ರಿಮಿನಲ್ ಜಸ್ಟಿಸ್’ ಎಂದಷ್ಟೇ ಬರೆದರೂ ತೊಡಕು: ಇಲ್ಲಿನ ಬಹಳಷ್ಟು ಕಾಲೇಜುಗಳಲ್ಲಿ ಆ ವಿಭಾಗದ ಹೆಸರು ‘ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್’. ಹೆಸರು ತಾಳೆಯಾಗದಿದ್ದರೆ ಕಂಪ್ಯೂಟರ್ ಅರ್ಜಿಯನ್ನೇ ತೋರಿಸುವುದಿಲ್ಲ, ಹಣ ಖಾತೆಯಲ್ಲೇ ಕೊಳೆಯುತ್ತದೆ. ವಿಭಾಗದ ಹೆಸರನ್ನು ಕಾಲೇಜಿನ ಕ್ಯಾಟಲಾಗ್‌ನಲ್ಲಿರುವಂತೆಯೇ ಬರೆದು, ‘ಅಥವಾ ಅಕಾಡೆಮಿಗೆ ದಾಖಲಾದವರು’ ಎಂದು ಸೇರಿಸಿ. ಒಂದು ಷರತ್ತು ಹೆಚ್ಚಿಸಿದಷ್ಟೂ ಅರ್ಜಿಗಳು ಕಡಿಮೆಯಾಗುತ್ತವೆ. ಊರು, ಅಂಕ, ಪ್ರಬಂಧ ಎಲ್ಲವನ್ನೂ ಕೇಳುವ ಆಸೆ ಬಿಡಬೇಕು.

ಆಯ್ಕೆ ಕಾಲೇಜಿನ ಸಮಿತಿಯದು. ದಾನಿ ತಾನೇ ಹೆಸರು ಸೂಚಿಸಿದರೆ ಅದು ದಾನವಾಗಿ ಉಳಿಯುವುದಿಲ್ಲ, ತೆರಿಗೆ ವಿನಾಯಿತಿಯೂ ಹೋಗುತ್ತದೆ.

ಹಣ ಕೈಸೇರುವ ದಿನವನ್ನೂ ಕರಾರಿನಲ್ಲಿ ಹಾಕಿಸಿ: ಅಕಾಡೆಮಿ ಶುರುವಾಗುವ ಮುಂಚೆ, ಒಂದೇ ಕಂತಿನಲ್ಲಿ. ಸೆಮಿಸ್ಟರ್ ನಡುವೆ ಬಂದ ಚೆಕ್‌ನಿಂದ ಬೂಟು ಕೊಳ್ಳಲಾಗದು. ಹಣಕಾಸು ನೆರವಿನ ಕಚೇರಿಯನ್ನು ಮೊದಲೇ ಕಂಡು, ಈ ವೇತನದಿಂದ ಒಟ್ಟು ನೆರವು ಮಿತಿ ಮೀರಿದರೆ ಗ್ರಾಂಟ್ ಮುಟ್ಟದೆ ಸಾಲದ ಭಾಗವನ್ನೇ ಇಳಿಸುವಂತೆ ಕೇಳಬೇಕು. ಪದವಿಗೆ ಓದುವವರು ವೇತನವನ್ನು ಶುಲ್ಕ, ಪುಸ್ತಕ, ಕೋರ್ಸಿಗೆ ಕಡ್ಡಾಯವಾದ ಸಲಕರಣೆಗೆ ಬಳಸಿದರೆ ತೆರಿಗೆಯಿಲ್ಲ. ಬಾಡಿಗೆ, ಊಟಕ್ಕೆ ಬಳಸಿದರೆ ಅದು ಆದಾಯ. ಇದನ್ನು ವೇತನದ ಪತ್ರದಲ್ಲೇ ಮುದ್ರಿಸಿ ಕೊಡುತ್ತೇವೆ.

ಕಡೆಯ ಕಲಮು: ಮುಂದೆ ಅಕಾಡೆಮಿ ಮುಚ್ಚಿದರೆ ಈ ಹಣ ಇಎಂಟಿ, ಪ್ಯಾರಾಮೆಡಿಕ್ ವಿದ್ಯಾರ್ಥಿಗಳಿಗೆ.