ಮೊರಕ್ಕೆ ಬಳಿಯುವ ಮೆಂತ್ಯದಿಂದ ಮಕ್ಕಳ ಹೆಜ್ಜಾರ್ಲೆ: ನನ್ನ ಅನುಭವ

ಕಳೆದ ವರ್ಷ ಗೊಂಬೆ ಕೂರಿಸುವ ಕಾಲಕ್ಕೆ ನಮ್ಮ ಭಾನುವಾರದ ತರಗತಿಯ ಮಕ್ಕಳು ರದ್ದಿ ಕಾಗದದಿಂದ ಮಾಡಿದ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ), ಬಣ್ಣದ ಕೊಕ್ಕರೆಗಳು ಒಂದು ಪೂರ್ತಿ ಮಳೆಗಾಲ ದಾಟಿಯೂ ಬೂಷ್ಟು ಹಿಡಿಯದೆ, ಬಿರುಕು ಬಿಡದೆ ನಿಂತಿವೆ. ಫೆವಿಕಾಲ್ ಇಲ್ಲದೆ ಇದು ನಿಲ್ಲದು, ನಿಂತರೂ ಹುಳು ಬಿಡದು ಎಂದು ಮೈಸೂರಿನ ಕರಕುಶಲ ಬಳಗದ ಗೆಳೆಯರು ಪಂಥ ಕಟ್ಟಿದ್ದರಿಂದ, ಅವರಿಗೆ ಉತ್ತರವಾಗಿಯೂ ಇದನ್ನು ಬರೆಯುತ್ತಿದ್ದೇನೆ. ನಾನು ಬಳಸಿದ್ದು ಹೊಸ ವಸ್ತುವೇನಲ್ಲ; ಅಜ್ಜಿಯರು ಮೊರದ ಸಂದು ಮುಚ್ಚಲು ಬಳಿಯುತ್ತಿದ್ದ ಅದೇ ಕಾಗದ ಮತ್ತು ಮೆಂತ್ಯ.

ಇದಕ್ಕೆ ಮೊದಲು ಮಾಡಿದ ಹಕ್ಕಿಗಳೆಲ್ಲ ಸೀಳಿದವು. ಎಲ್ಲರೂ ಮಾಡುವಂತೆ ಒಳಗೆ ನೀರಿನ ಬಾಟಲಿ ಇಟ್ಟು ಮೇಲೆ ಕಾಗದದ ಮುದ್ದೆ ಮೆತ್ತುತ್ತಿದ್ದೆವು; ಮುದ್ದೆ ಒಣಗುತ್ತ ಕುಗ್ಗುತ್ತದೆ, ಬಾಟಲಿ ಕುಗ್ಗುವುದಿಲ್ಲ, ಹಾಗಾಗಿ ಹೊಟ್ಟೆಯುದ್ದಕ್ಕೂ ಬಿರುಕು ಬರುತ್ತಿತ್ತು. ಮೈದಾ ಸರಿ (ಹಿಟ್ಟಿನ ಅಂಟು) ಹೆಚ್ಚಿಸಿದರೆ ಜುಲೈ ತಿಂಗಳ ಜಡಿಮಳೆಗೆ ಹಸಿರು ಬೂಷ್ಟು, ಅದರ ಹಿಂದೆಯೇ ಜಿರಲೆ. ಸರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಪದ್ಧತಿ ನಿಮಗೂ ಗೊತ್ತಿದೆ, ಆದರೆ ಅದು ವಿಷ. ಬೆರಳು ಬಾಯಿಗೆ ಹೋಗುವ ವಯಸ್ಸಿನವರ ಕೈಗೆ ಕೊಡಲಾಗದು. ಫೆವಿಕಾಲ್‌ನಿಂದ ಹಕ್ಕಿ ಗಟ್ಟಿಯಾಯಿತು ನಿಜ, ಆದರೆ ಒಂದೊಂದಕ್ಕೆ ನಲವತ್ತು ರೂಪಾಯಿಯಷ್ಟು ಅಂಟು ಸುರಿದ ಮೇಲೆ ಅದನ್ನು ರದ್ದಿಯ ಕೆಲಸವೆಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಇದರ ನಡುವೆ ಕಾಗದದ ನಾರಿಗೆ ಮಿಕ್ಸಿಯ ಮೋಟಾರು ಸುಟ್ಟು ಸಾವಿರದೆಂಟುನೂರರ ಆಸುಪಾಸು ಹೋಯಿತು. ಆಮೇಲೆ ರುಬ್ಬುವುದೆಲ್ಲ ಒರಳಿನಲ್ಲೇ.

ಈಗಿನ ಕ್ರಮದಲ್ಲಿ ಒಳಗೆ ಬಾಟಲಿ ಇಲ್ಲ. ಮುದುರಿದ ಪತ್ರಿಕೆಯನ್ನು ಬಾಳೆನಾರಿನಿಂದ ಸಡಿಲವಾಗಿ ಸುತ್ತಿದ ಉಂಡೆಯಾದರೆ ಮೇಲಿನ ಪದರ ಕುಗ್ಗಿದಷ್ಟು ತಾನೂ ಕುಗ್ಗಿಕೊಡುತ್ತದೆ. ನನ್ನ ಮಟ್ಟಿಗೆ ಅರ್ಧ ಗೆಲುವು ಇಲ್ಲೇ. ಮುದ್ದೆಗೆ ಪತ್ರಿಕೆಗಿಂತ ಮೊಟ್ಟೆಯ ಟ್ರೇ ಮೇಲು, ಏಕೆಂದರೆ ಅದು ಒಮ್ಮೆ ಮುದ್ದೆಯಾಗಿದ್ದ ಕಾಗದವೇ ಆದ್ದರಿಂದ ರಾತ್ರಿ ನೆನೆಸಿದರೆ ಬೆಳಿಗ್ಗೆ ಮಕ್ಕಳ ಕೈಯಲ್ಲೇ ಕರಗುತ್ತದೆ. ನುಣುಪು ಕಾಗದದ ಲಗ್ನಪತ್ರಿಕೆ ಮತ್ತು ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಫಿ ಲೋಟಗಳನ್ನು ಹತ್ತಿರ ಸೇರಿಸಬೇಡಿ. ಕಿಲೋ ಒಣಕಾಗದಕ್ಕೆ ಸುಮಾರು 150 ಗ್ರಾಂ ಮೆಂತ್ಯವನ್ನು ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಿ ಬೆರೆಸುತ್ತೇನೆ. ಪದರ ಒಂದು ನಾಣ್ಯದ ದಪ್ಪ ಮೀರಬಾರದು, ಮತ್ತು ಮೊದಲೆರಡು ದಿನ ನೆರಳಿನಲ್ಲೇ ಒಣಗಬೇಕು. ಕೊನೆಯ ಕೈಗೆ ಹುಣಸೆಬೀಜದ ಸರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರು ಅದನ್ನೇ ನಂಬಿರುವಾಗ ನಮಗೇನು ಕೊರತೆ? ಆ ಸರಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನಿಮ್ಮ ಅಡುಗೆಮನೆಯಲ್ಲೂ ಇದೆ ಎಂದಷ್ಟೇ ಹೇಳಬಲ್ಲೆ. ಮೆಂತ್ಯದ ವಾಸನೆಗೆ ಮಕ್ಕಳು ಮೂಗು ಮುರಿಯುತ್ತಾರೆ, ವಾರದಲ್ಲಿ ಒಗ್ಗಿಕೊಳ್ಳುತ್ತಾರೆ.

ಆಕಾರದ ವಿಷಯದಲ್ಲಿ ಚಿತ್ರ ನೋಡಿ ಮಾಡಿದ್ದು ಯಾವುದೂ ಸರಿಬರಲಿಲ್ಲ. ಹೆಜ್ಜಾರ್ಲೆಯ ಕೊಕ್ಕನ್ನು ಮಕ್ಕಳು ಬಾತಿನ ಕೊಕ್ಕಿನಷ್ಟಕ್ಕೆ ನಿಲ್ಲಿಸುತ್ತಿದ್ದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದರಿಂದ, ಬೇಸಿಗೆಗೆ ಮೊದಲು ಹೋದರೆ ದೂರದರ್ಶಕವಿಲ್ಲದೆಯೂ ಕೊಕ್ಕಿನ ಚೀಲ, ಅದರ ಮೇಲಿನ ಚುಕ್ಕೆ ಕಾಣುತ್ತವೆ. ಚಮಚದ ಕೊಕ್ಕಿನ ಹಕ್ಕಿಗೆ ಮಾತ್ರ ರಂಗನತಿಟ್ಟಿನ ದೋಣಿಯೇ ಸರಿ. ಮಕ್ಕಳು ಇವನ್ನು ಕಣ್ಣಾರೆ ನೋಡಿ ಬಂದ ಮೇಲೆ ಮಾಡಿದ ಹಕ್ಕಿಗಳನ್ನು ತಿದ್ದುವ ಕೆಲಸ ನನಗೆ ಬೀಳಲಿಲ್ಲ. ಕಾಲಿಗೆ ಸೈಕಲ್ ಅಂಗಡಿಯ ಹಳೆಯ ಸ್ಪೋಕ್‌ಗಳು. ತುದಿ ಬಗ್ಗಿಸಿ, ಜೇಡಿಮಣ್ಣು ತುಂಬಿದ ತೆಂಗಿನ ಚಿಪ್ಪಿನಲ್ಲಿ ಹೂತರೆ ಹಕ್ಕಿ ಮುಗ್ಗರಿಸುವುದಿಲ್ಲ.

ಮಂಡ್ಯದ ಕಡೆಯ ಆಲೆಮನೆಯಿಂದ ಕಬ್ಬಿನ ಸಿಪ್ಪೆ ತಂದು ಗೂಡು ಮಾಡುವ ಪ್ರಯೋಗವನ್ನೂ ನಡೆಸಿದೆವು. ನೋಟಕ್ಕೆ ಅಪ್ಪಟ ಗೂಡು, ಆದರೆ ಉಳಿದ ಸಿಹಿಗೆ ಇರುವೆಯ ಸಾಲು; ಎರಡು ಸಲ ಕುದಿಸಿ ತೊಳೆದ ಮೇಲೆ ಪರವಾಗಿಲ್ಲ. ಬಣ್ಣದ ಕೊಕ್ಕರೆಯ ಹಿಂಭಾಗದ ಗುಲಾಬಿಗೆ ಅರಿಶಿನ ಮತ್ತು ಸುಣ್ಣ ಬೆರೆಸಿದ ಓಕುಳಿ ಹಚ್ಚಿದಾಗ ಮಕ್ಕಳು ಕುಣಿದರು, ಕೆಲವೇ ವಾರಗಳ ಬೆಳಕಿಗೆ ಅದು ಮಾಸಿತು. ಕೆಮ್ಮಣ್ಣು, ಇದ್ದಿಲು, ಸುಣ್ಣ ಈ ಮೂರು ಉಳಿಯುತ್ತವೆ. ಗುಲಾಬಿಗೆ ಸೋತು ಪೋಸ್ಟರ್ ಬಣ್ಣ ಕೊಂಡೆವು.

ಈಗ ಒಂದು ಹಕ್ಕಿಯ ಖರ್ಚು, ಬಣ್ಣವೂ ಸೇರಿ, ಹನ್ನೆರಡು ಹದಿನೈದು ರೂಪಾಯಿ ದಾಟುವುದಿಲ್ಲ. ನವರಾತ್ರಿಗೆ ಮುಂಚೆ ಮೂವತ್ತರ ಹತ್ತಿರ ಹಕ್ಕಿಗಳನ್ನು ಮಾರಿದೆವು. ಚಿಕ್ಕದಕ್ಕೆ 150, ದೊಡ್ಡದಕ್ಕೆ 250. ಗೊಂಬೆಯ ಮೆಟ್ಟಿಲ ಪಕ್ಕ ರಾಗಿ ಪೈರಿನ ಪಾರ್ಕು ಮಾಡುವ ಮನೆಗಳವರೇ ಹೆಚ್ಚು ಕೊಂಡರು. ಹುಳು ಬೀಳುತ್ತದೆ ಎಂದು ಪಂಥ ಕಟ್ಟಿದ್ದವರಲ್ಲಿ ಒಬ್ಬರು ಚೌಕಾಸಿ ಮಾಡದೆ ಜೋಡಿ ಒಯ್ದರು. ಬಂದ ಹಣದಲ್ಲಿ ಅರ್ಧವನ್ನು ಮಕ್ಕಳಿಗೆ ಹಂಚಿ, ಉಳಿದದ್ದನ್ನು ಈ ವರ್ಷದ ಕೊಕ್ಕರೆ ಬೆಳ್ಳೂರಿನ ವ್ಯಾನಿಗೆ ಇಟ್ಟಿದ್ದೇನೆ.

ಬಾಕಿ ಇರುವುದು ಹಾವಿನಂಥ ಕುತ್ತಿಗೆಯ ನೀರುಹಕ್ಕಿ, ಹಾವಕ್ಕಿ. ಅದರ ಸಣಕಲು ಕುತ್ತಿಗೆ ಹಸಿಯಿರುವಾಗಲೇ ಬಾಗಿಬಿಡುತ್ತದೆ. ಸದ್ಯಕ್ಕೆ ಎರಡು ಸ್ಪೋಕ್‌ಗಳನ್ನು ಹೆಣೆದು, ಮುದ್ದೆಯ ಬದಲು ಕಾಗದದ ಪಟ್ಟಿ ಸುತ್ತಿ, ತಲೆಕೆಳಗಾಗಿ ತೂಗುಹಾಕಿ ಒಣಗಿಸುತ್ತಿದ್ದೇವೆ.